ಮಸ್ಟಾಂಗ್ ಮಿಸ್‌ಫೈರ್: ಇಂಜೆಕ್ಟರ್‌ಗೆ ಕೈ ಹಾಕುವ ಮೊದಲು

ಸರ್, ಮಳೆಯಲ್ಲಿ ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೆ ಬಂದ ಮರುದಿನ ನಿಮ್ಮ ಫೋರ್ಡ್ ಮಸ್ಟಾಂಗ್ ಜಿಟಿ ಕಾರು ನಡುಗುತ್ತಿದೆ, ಚೆಕ್ ಎಂಜಿನ್ ಲೈಟ್ ಮಿನುಗುತ್ತಿದೆ, ಸ್ಕ್ಯಾನರ್‌ನಲ್ಲಿ ಪಿ0303 ಅನ್ನೋ ದೋಷದ ಕೋಡ್ ಬಂದಿದೆ, ಗ್ಯಾರೇಜಿನವರು ಎಲ್ಲ ಇಂಜೆಕ್ಟರ್ (ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಭಾಗ) ಬದಲಿಸಿ ಅಂತಿದ್ದಾರೆ ಅಂದಿರಿ. ಈಗಲೇ ಒಪ್ಪಬೇಡಿ.

ಮೊದಲು ಗಾಡಿ ಓಡಿಸುವುದು ನಿಲ್ಲಿಸಿ. ಲೈಟ್ ಸುಮ್ನೆ ಉರಿಯುವುದು ಬೇರೆ, ಮಿನುಗುವುದು ಬೇರೆ. ಮಿನುಗುವಾಗ ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಸುಟ್ಟುಬಿಡಬಹುದು. ಅದರ ಖರ್ಚಿನ ಮುಂದೆ ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಕೊಡುವ ಒಂದು ಕಾಯಿಲ್ ಏನೂ ಅಲ್ಲ.

ಪಿ0303 ಅಂದ್ರೆ 3ನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ, ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ ಅಷ್ಟೇ. ಯಾಕೆ ಅಂತ ಅದು ಹೇಳಲ್ಲ. ಎಂಟು ಸಿಲಿಂಡರ್‌ನ ಈ ವಿ8 ಎಂಜಿನ್‌ನಲ್ಲಿ 1ರಿಂದ 4 ಬಲಗಡೆಯ ಸಾಲು, ಮುಂದಿನಿಂದ ಎಣಿಸಿ. ಅಂದರೆ ನಮ್ಮಲ್ಲಿ ಡ್ರೈವರ್ ಕಡೆ ಮೂರನೆಯದು. ಎಂಜಿನ್ ತಣ್ಣಗಾದ ಮೇಲೆ ಆ ಕಾಯಿಲ್ ಬಿಚ್ಚಿ, ಪ್ಲಗ್ ಕುಳಿಯೊಳಗೆ ಟಾರ್ಚ್ ಬಿಡಿ. ನೀರು ನಿಂತಿದ್ದರೆ ಪ್ಲಗ್ ತೆಗೆಯುವ ಮೊದಲೇ ಗಾಳಿ ಹೊಡೆದು ಒಣಗಿಸಿ, ಇಲ್ಲಾಂದ್ರೆ ಒಳಗೆ ಇಳಿಯುತ್ತದೆ. ಕಾಯಿಲ್‌ನ ರಬ್ಬರ್ ಬೂಟ್ (ಪ್ಲಗ್ ಮೇಲೆ ಕೂರುವ ಕೊಳವೆ) ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ ಇದೆಯಾ ನೋಡಿ. ಸ್ಪಾರ್ಕ್ ಸೋರುವುದು ಅಲ್ಲೇ.

ಆಮೇಲೆ 2 ಮತ್ತು 3ರ ಕಾಯಿಲ್ ಅದಲುಬದಲು ಮಾಡಿ, ಕೋಡ್ ಅಳಿಸಿ ಸ್ಟಾರ್ಟ್ ಮಾಡಿ. ಪಿ0302, ಅಂದರೆ 2ನೇ ಸಿಲಿಂಡರ್ ಕೋಡ್ ಬಂತಾ? ಕಾಯಿಲ್‌ದೇ ತಪ್ಪು. ಮತ್ತೆ ಪಿ0303 ಬಂದರೆ ಪ್ಲಗ್‌ಗೂ ಇದೇ ರೀತಿ ಮಾಡಿ. ಅದಕ್ಕೂ ಜಗ್ಗದಿದ್ದರೆ ಮಾತ್ರ ಇಂಜೆಕ್ಟರ್, ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿಸಿ. ಯಾವ ಕೋಡ್ ಬಂತು ಅಂತ ಇಲ್ಲೇ ಹಾಕಿ, ಮುಂದಿನದು ಹೇಳುತ್ತೇನೆ.