ತಂಡಕ್ಕೆಲ್ಲ ಒಂದು ಐಡಿಇ ಆರಿಸಬೇಕು, ಏನು ನೋಡಿ ಆರಿಸಲಿ?

ಮೊದಲು ಆ ಎಕ್ಸೆಲ್ ಶೀಟ್ ಮುಚ್ಚಿಡಿ.

ನೀವು ಕೇಳಿರುವುದು ಇಷ್ಟು. ಆರು ಜನರ ತಂಡ, ಸರ್ವರ್ ಕೆಲಸ ಜಾವಾದಲ್ಲಿ, ಸ್ಕ್ರೀನ್ ಕೆಲಸ ಟೈಪ್‌ಸ್ಕ್ರಿಪ್ಟ್‌ನಲ್ಲಿ. ಒಬ್ಬೊಬ್ಬರದು ಒಂದೊಂದು ಎಡಿಟರ್. ಎಲ್ಲರಿಗೂ ಆಗುವಂಥ ಒಂದು ಐಡಿಇ (ಕೋಡ್ ಬರೆಯುವುದು, ಓಡಿಸುವುದು, ತಪ್ಪು ಹುಡುಕುವುದು ಎಲ್ಲ ಒಂದೇ ಕಡೆ ಆಗುವ ಸಾಫ್ಟ್‌ವೇರ್) ನೋಡಿ ಹೇಳಿ ಅಂತ ನಿಮಗೆ ಒಪ್ಪಿಸಿದ್ದಾರೆ. ನೀವು ಇಂಟೆಲಿಜೆ ಐಡಿಯಾ, ಎಕ್ಲಿಪ್ಸ್, ವಿಎಸ್ ಕೋಡ್ ಮೂರನ್ನೂ ತೆಗೆದುಕೊಂಡು, 40 ಫೀಚರ್‌ಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಅಂಕ ಹಾಕಿದ್ದೀರಿ. ಕೊನೆಗೆ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಮೊತ್ತ ಬಂದಿದೆ.

ಅದು ಹಾಗೆಯೇ ಬರುತ್ತದೆ. ಹಿಂದೆ ಪ್ರತಿ ಎಡಿಟರ್‌ನವರೂ ಪ್ರತಿ ಭಾಷೆಗೂ ಬೇರೆ ಬೇರೆಯಾಗಿ ದುಡಿಯಬೇಕಿತ್ತು. 2016ರಲ್ಲಿ ಮೈಕ್ರೋಸಾಫ್ಟ್, ರೆಡ್ ಹ್ಯಾಟ್ ಮತ್ತು ಕೋಡೆನ್ವಿ ಸೇರಿ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಹೊರತಂದ ಮೇಲೆ, ಕೋಡ್ ಅರ್ಥಮಾಡಿಕೊಳ್ಳುವ ಕೆಲಸವನ್ನು ಬೇರೆಯೇ ಒಂದು ಪ್ರೋಗ್ರಾಂಗೆ ಒಪ್ಪಿಸಬಹುದಾಯಿತು. ಎಡಿಟರ್ ಅದನ್ನು ಕೇಳುತ್ತದೆ, ಬಂದ ಉತ್ತರ ತೋರಿಸುತ್ತದೆ, ಅಷ್ಟೇ. ಹಾಗಾಗಿ ಆಟೋ ಕಂಪ್ಲೀಟ್, ಡೆಫಿನಿಷನ್‌ಗೆ ಹೋಗುವುದು (ಒಂದು ಹೆಸರಿನ ಮೇಲೆ ಕ್ಲಿಕ್ ಮಾಡಿ ಅದನ್ನು ಬರೆದಿರುವ ಜಾಗಕ್ಕೆ ಹೋಗುವುದು), ರೀನೇಮ್ (ಒಂದು ಹೆಸರನ್ನು ಬಳಸಿರುವ ಎಲ್ಲ ಕಡೆ ಒಟ್ಟಿಗೆ ಬದಲಿಸುವುದು) ಇವೆಲ್ಲ ಈಗ ಎಲ್ಲ ಕಡೆಯೂ ಇವೆ. 'ಇದೆಯಾ ಇಲ್ವಾ' ಅಂತ ಕೇಳಿದರೆ ಎಲ್ಲದಕ್ಕೂ 'ಇದೆ' ಅಂತಲೇ ಉತ್ತರ. ನಿಮ್ಮ ಕೋಡ್ ಮೇಲೆ ಅದು ಎಷ್ಟು ಸರಿಯಾಗಿ ಕೆಲಸ ಮಾಡುತ್ತದೆ ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ ಇರುವುದು, ಅದು ಆ ಶೀಟ್‌ನಲ್ಲಿ ಕಾಣುವುದಿಲ್ಲ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಮೊದಲ ಸಲ ತಂಡಕ್ಕೆ ಐಡಿಇ ಆರಿಸುವ ಕೆಲಸ ನನಗೆ ಬಂದಾಗ ಹೊಸದಾಗಿ ಒಂದು ಖಾಲಿ ಪ್ರಾಜೆಕ್ಟ್ ಮಾಡಿ, ನಾಲ್ಕೈದು ಕ್ಲಾಸ್ ಬರೆದು, ಎಲ್ಲ ಸಲೀಸಾಗಿ ಓಡಿದ್ದು ನೋಡಿ ಒಂದನ್ನು ಆರಿಸಿದೆ. ನಮ್ಮ ನಿಜವಾದ ಪ್ರಾಜೆಕ್ಟ್‌ನಲ್ಲಿ ಮೂವತ್ತು ಚಿಲ್ಲರೆ ಮಾಡ್ಯೂಲ್‌ಗಳಿದ್ದವು. ಬ್ರಾಂಚ್ (ಅದೇ ಕೋಡ್‌ನ ಇನ್ನೊಂದು ಕವಲು) ಬದಲಿಸಿದಾಗಲೆಲ್ಲ ಆ ಐಡಿಇ ಮೊದಲಿನಿಂದ ಇಂಡೆಕ್ಸ್ ಮಾಡಲು, ಅಂದರೆ ಕೋಡ್ ಪೂರ್ತಿ ಓದಿ ಪಟ್ಟಿ ಮಾಡಿಕೊಳ್ಳಲು, ಕೂರುತ್ತಿತ್ತು. ಆರೇಳು ನಿಮಿಷ ಯಾವುದರ ಮೇಲೆ ಕ್ಲಿಕ್ ಮಾಡಿದರೂ ಏನೂ ತೋರಿಸುತ್ತಿರಲಿಲ್ಲ. ದಿನಕ್ಕೆ ನಾಲ್ಕು ಸಲ ಬ್ರಾಂಚ್ ಬದಲಿಸುವವರಿಗೆ ಅದು ಎಂಥ ಹಿಂಸೆ ಅಂತ ಯೋಚಿಸಿ. ಒಂದು ತಿಂಗಳಲ್ಲಿ ಇಬ್ಬರು ಯಾರಿಗೂ ಹೇಳದೆ ಹಳೆಯ ಎಡಿಟರ್‌ಗೆ ವಾಪಸ್ ಹೋಗಿದ್ದರು. ಉಳಿದವರು ಐಡಿಇ ತೆರೆದಿಟ್ಟುಕೊಂಡು ಹುಡುಕುವುದಕ್ಕೆ ಮಾತ್ರ ಟರ್ಮಿನಲ್‌ಗೆ ಹೋಗುತ್ತಿದ್ದರು.

ಆದ್ದರಿಂದ ಪರೀಕ್ಷೆ ನಿಮ್ಮದೇ ರೆಪೊಸಿಟರಿಯಲ್ಲಿ (ನಿಮ್ಮ ಪ್ರಾಜೆಕ್ಟ್‌ನ ಕೋಡ್ ಎಲ್ಲ ಇಟ್ಟಿರುವ ಜಾಗ) ಆಗಬೇಕು, ಇರುವುದರಲ್ಲೇ ದೊಡ್ಡದರಲ್ಲಿ. ತಂಡದಲ್ಲಿ ಯಾರ ಲ್ಯಾಪ್‌ಟಾಪ್ ಎಲ್ಲಕ್ಕಿಂತ ಹಳೆಯದೋ ಅದರಲ್ಲೇ ಮಾಡಿ. ಬ್ರೌಸರ್, ಡಾಕರ್, ಡೇಟಾಬೇಸ್, ದಿನವೂ ಏನೇನು ಓಡುತ್ತವೋ ಅವೆಲ್ಲ ಓಡುತ್ತಿರಲಿ. ಆಮೇಲೆ ಗಡಿಯಾರ ನೋಡಿ ಎರಡು ಸಮಯ ಬರೆದುಕೊಳ್ಳಿ: ಪ್ರಾಜೆಕ್ಟ್ ಮೊದಲ ಸಲ ತೆರೆದಾಗ ಡೆಫಿನಿಷನ್‌ಗೆ ಹೋಗುವುದು ಸರಿಯಾಗಿ ಕೆಲಸ ಮಾಡಲು ಎಷ್ಟು ಹೊತ್ತು, ಮತ್ತು ತುಂಬ ದೂರ ಹೋಗಿರುವ ಒಂದು ಬ್ರಾಂಚ್‌ಗೆ ಬದಲಿಸಿದಾಗ ಎಷ್ಟು ಹೊತ್ತು. ಮೊದಲನೆಯದು ಜಾಸ್ತಿ ಇದ್ದರೂ ಪರವಾಗಿಲ್ಲ, ಅದು ಒಂದು ಸಲದ ಕಷ್ಟ. ಎರಡನೆಯದು ಪ್ರತಿದಿನದ್ದು.

ಮೆಮೊರಿ ಅಳೆಯುವಾಗ ಸ್ವಲ್ಪ ಎಚ್ಚರ. ವಿಎಸ್ ಕೋಡ್ ಹಗುರ ಅಂತ ಎಲ್ಲರೂ ಹೇಳುತ್ತಾರೆ, ಬರೀ ಎಡಿಟರ್ ಆಗಿ ನೋಡಿದರೆ ನಿಜವೂ ಹೌದು. ಆದರೆ ಅದರಲ್ಲಿ ಜಾವಾ ಬರೆಯಲು ರೆಡ್ ಹ್ಯಾಟ್‌ನವರ ಎಕ್ಸ್‌ಟೆನ್ಶನ್ ಹಾಕಿದರೆ ಒಳಗೆ ಎಕ್ಲಿಪ್ಸ್‌ನ ಜಾವಾ ಲ್ಯಾಂಗ್ವೇಜ್ ಸರ್ವರ್ ಬೇರೆ ಪ್ರೊಸೆಸ್ ಆಗಿ ಓಡುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಡಿಟರ್‌ನ ಸಾಲು ಮಾತ್ರ ನೋಡಿದರೆ ಲೆಕ್ಕ ತಪ್ಪುತ್ತದೆ, ಅದನ್ನೂ ಕೂಡಿಸಿ. ಇಂಟೆಲಿಜೆ ಐಡಿಯಾ ತಾನೇ ಜಾವಾ ವರ್ಚುವಲ್ ಮಷೀನ್ ಮೇಲೆ ಓಡುವಂಥದ್ದು, ಅದಕ್ಕೆ ಹೀಪ್ ಮಿತಿ (ಎಷ್ಟು ಮೆಮೊರಿ ಬಳಸಬಹುದು ಅನ್ನುವ ಮಿತಿ) ಅಂತ ಒಂದಿರುತ್ತದೆ. ಆ ಮಿತಿಯ ಹತ್ತಿರ ಹೋದಾಗ ಗಾರ್ಬೇಜ್ ಕಲೆಕ್ಷನ್ (ಬೇಡವಾದ ಮೆಮೊರಿ ಖಾಲಿ ಮಾಡುವ ಕೆಲಸ) ಜಾಸ್ತಿಯಾಗಿ ಟೈಪ್ ಮಾಡುವಾಗ ಕರ್ಸರ್ ತಡವರಿಸುತ್ತದೆ. ಹೆಲ್ಪ್ ಮೆನುವಿನಲ್ಲೇ ಆ ಮಿತಿ ಏರಿಸಬಹುದು. ಏರಿಸಿ ನೋಡದೆ 'ಇದು ನಿಧಾನ' ಅಂತ ಬಿಡಬೇಡಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಪರೀಕ್ಷೆಗೆ ಬರುತ್ತೇನೆ, ರೀನೇಮ್. ಇದೇನು ಮಹಾ ಅನಿಸಬಹುದು, ಆದರೆ ಐಡಿಇಗೆ ನಿಮ್ಮ ಕೋಡ್ ಎಷ್ಟು ಅರ್ಥವಾಗಿದೆ ಅಂತ ಇಷ್ಟು ಬೇಗ ತೋರಿಸುವ ಪರೀಕ್ಷೆ ಇನ್ನೊಂದಿಲ್ಲ. ಸಾಮಾನ್ಯ ಹೆಸರಿನ ಒಂದು ಫೀಲ್ಡ್ ಆರಿಸಿಕೊಳ್ಳಿ. ನಾನು ಎರಡನೇ ಸಲ ಮಾಡಿದಾಗ 'ಆರ್ಡರ್' ಕ್ಲಾಸ್‌ನ 'ಸ್ಟೇಟಸ್' ಫೀಲ್ಡ್ ತೆಗೆದುಕೊಂಡಿದ್ದೆ. ನಮ್ಮಲ್ಲಿ 'ಪೇಮೆಂಟ್' ಕ್ಲಾಸ್‌ನಲ್ಲೂ 'ಸ್ಟೇಟಸ್' ಇತ್ತು, 'ಯೂಸರ್' ಕ್ಲಾಸ್‌ನಲ್ಲೂ ಇತ್ತು. ಆರ್ಡರ್‌ನದ್ದು ಮಾತ್ರ ಬದಲಾಗಬೇಕು, ಉಳಿದ ಎರಡನ್ನು ಮುಟ್ಟಬಾರದು. ಆರ್ಡರ್‌ನ ಆ ಫೀಲ್ಡ್ ಜಾವಾ ಕೋಡ್‌ನಲ್ಲಲ್ಲದೆ ಒಂದು ಆನೊಟೇಶನ್ (ಕೋಡ್‌ಗೆ ಅಂಟಿಸುವ ಗುರುತು) ಒಳಗಿನ ಕ್ವೆರಿ ಸ್ಟ್ರಿಂಗ್‌ನಲ್ಲಿತ್ತು, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯನ್ನು ಬರೀ ಪಠ್ಯವಾಗಿ ಬರೆದಿರುವ ಕಡೆ, ಎರಡು ಕಾಮೆಂಟ್‌ಗಳಲ್ಲಿತ್ತು, ಟೆಸ್ಟ್‌ಗೆ ಇಟ್ಟಿದ್ದ ಒಂದು ಜೇಸನ್ ಫೈಲ್‌ನಲ್ಲೂ ಇತ್ತು. ಹೆಸರು ಬದಲಿಸಿ, ಬೇರೇನೂ ಮಾಡದೆ, ಗಿಟ್ ಡಿಫ್ (ಯಾವ ಯಾವ ಸಾಲು ಬದಲಾಗಿದೆ ಅನ್ನುವ ಪಟ್ಟಿ) ನೋಡಿದೆ.

ಒಂದು ಐಡಿಇ ಜಾವಾ ಕೋಡ್ ಪೂರ್ತಿ ಸರಿಯಾಗಿ ಬದಲಿಸಿ ಕ್ವೆರಿಯನ್ನು ಹಾಗೇ ಬಿಟ್ಟಿತು. ಕಂಪೈಲ್ ಆಯಿತು, ಓಡಿಸಿದಾಗ ಒಡೆಯಿತು. ಇನ್ನೊಂದು, ಬದಲಿಸುವ ಮೊದಲೇ ಎಲ್ಲ ಜಾಗಗಳ ಪಟ್ಟಿ ತೋರಿಸಿ, ಸ್ಟ್ರಿಂಗ್ ಮತ್ತು ಕಾಮೆಂಟ್‌ಗಳಲ್ಲಿ ಸಿಕ್ಕಿದ್ದನ್ನು ಬೇರೆ ಗುಂಪು ಮಾಡಿ, ಯಾವುದು ಬೇಡವೋ ಅದನ್ನು ತೆಗೆದುಹಾಕಲು ಬಿಟ್ಟಿತು. ಮೂರನೆಯದು ಪೇಮೆಂಟ್‌ನ ಒಂದು ಸಾಲನ್ನೂ ಬದಲಿಸಿಬಿಟ್ಟಿತ್ತು, ಏಕೆಂದರೆ ಆ ಹೊತ್ತಿಗೆ ಅದರ ಇಂಡೆಕ್ಸ್ ಇನ್ನೂ ಮುಗಿದಿರಲಿಲ್ಲ, ಆದರೂ ಅದು ಏನೂ ಎಚ್ಚರಿಕೆ ಕೊಡದೆ ಕೆಲಸ ಮುಗಿಸಿತು. ನಿಮಗೆ ಅಪಾಯ ಇರುವುದು ಇಂಥ ಕಡೆ. ಗೊತ್ತಿಲ್ಲ ಅಂತ ಹೇಳುವ ಐಡಿಇ ಜೊತೆ ಕೆಲಸ ಮಾಡಬಹುದು. ಗೊತ್ತಿಲ್ಲದೆ ಬದಲಿಸುವ ಐಡಿಇ ಮೇಲೆ ಒಂದು ಸಲ ನಂಬಿಕೆ ಹೋದರೆ ಆಮೇಲೆ ತಂಡದಲ್ಲಿ ಯಾರೂ ರೀನೇಮ್ ಮಾಡುವುದೇ ಇಲ್ಲ, ಕೆಟ್ಟ ಹೆಸರುಗಳು ವರ್ಷಗಟ್ಟಲೆ ಹಾಗೇ ಉಳಿಯುತ್ತವೆ. ಕ್ವೆರಿ ವಿಷಯಕ್ಕೆ ಒಂದು ಮಾತು: ಸ್ಟ್ರಿಂಗ್ ಒಳಗಿರುವುದು ಕ್ವೆರಿ ಅಂತ ಗುರುತಿಸುವುದು ಇಂಟೆಲಿಜೆ ಐಡಿಯಾದಲ್ಲಿ ಉಚಿತವಾಗಿ ಎಷ್ಟು ಸಿಗುತ್ತದೆ, ಹಣ ಕೊಟ್ಟರೆ ಮಾತ್ರ ಎಷ್ಟು ಸಿಗುತ್ತದೆ ಅಂತ ನೋಡಿಕೊಳ್ಳಿ. ಹಣ ಕೊಡಬೇಕಾ ಬೇಡವಾ ಅನ್ನುವುದಕ್ಕೆ ನಿಮ್ಮ ಕೋಡ್‌ನಲ್ಲಿ ಅಂಥ ಕ್ವೆರಿಗಳು ಎಷ್ಟಿವೆ ಅಂತ ಎಣಿಸಿದರೆ ಅರ್ಧ ಉತ್ತರ ಸಿಗುತ್ತದೆ.

ಎರಡನೇ ಪರೀಕ್ಷೆ ಡೀಬಗರ್‌ದು. ಹೊಸ ಬಗ್ ಹುಡುಕಿಕೊಂಡು ಹೋಗಬೇಡಿ. ಈಗಾಗಲೇ ಸರಿಮಾಡಿರುವ ಒಂದು ಹಳೆಯ ಬಗ್ ತೆಗೆದುಕೊಳ್ಳಿ, ಸರಿಮಾಡುವುದಕ್ಕಿಂತ ಹಿಂದಿನ ಕಮಿಟ್‌ಗೆ (ಆಗ ಉಳಿಸಿಟ್ಟಿದ್ದ ಕೋಡ್‌ಗೆ) ಹೋಗಿ, ಪ್ರತಿ ಐಡಿಇಯಲ್ಲೂ ಅದನ್ನು ಮತ್ತೆ ಹಿಡಿಯಿರಿ. ನಾನು ತೆಗೆದುಕೊಂಡಿದ್ದು ಐದು ಸಾವಿರ ಆರ್ಡರ್‌ಗಳಲ್ಲಿ ಒಂದೇ ಒಂದರ ಮೊತ್ತ ತಪ್ಪು ಬರುತ್ತಿದ್ದ ಬಗ್. ಲೂಪ್ ಒಳಗೆ ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ಬಂದು ನಿಲ್ಲುವ ಗುರುತು) ಹಾಕಿ, ಆರ್ಡರ್ ನಂಬರ್ 4118 ಆದಾಗ ಮಾತ್ರ ನಿಲ್ಲು ಅಂತ ಷರತ್ತು ಕೊಟ್ಟೆ. ನಿಂತ ಮೇಲೆ ವೇರಿಯಬಲ್‌ಗಳನ್ನು ನೋಡಿದರೆ ರಿಯಾಯಿತಿ ಲೆಕ್ಕ ಒಂದು ಕಡೆ ಡಬಲ್‌ಗೆ (ದಶಮಾಂಶ ಸಂಖ್ಯೆಯನ್ನು ಅಂದಾಜಾಗಿ ಮಾತ್ರ ಇಟ್ಟುಕೊಳ್ಳುವ ಬಗೆ) ಹೋಗಿ ವಾಪಸ್ ಬರುತ್ತಿತ್ತು. 0.1 ಮತ್ತು 0.2 ಕೂಡಿದರೆ ಡಬಲ್‌ನಲ್ಲಿ 0.30000000000000004 ಬರುತ್ತದಲ್ಲ, ಅದೇ ಜಾತಿಯ ತಪ್ಪು. ಅಲ್ಲೇ ನಿಂತು, ಪ್ರೋಗ್ರಾಂ ಮುಚ್ಚದೆ, ಬಿಗ್‌ಡೆಸಿಮಲ್‌ನಲ್ಲಿ (ದಶಮಾಂಶವನ್ನು ನಿಖರವಾಗಿ ಇಟ್ಟುಕೊಳ್ಳುವ ಬಗೆ) ಲೆಕ್ಕ ಹಾಕಿದರೆ ಏನು ಬರುತ್ತದೆ ಅಂತ ಒಂದು ಎಕ್ಸ್‌ಪ್ರೆಶನ್ ಬರೆದು ನೋಡಲು ಆಗುತ್ತದಾ? ಒಂದು ಫ್ರೇಮ್ (ಒಂದು ಮೆಥಡ್ ಕರೆ) ಹಿಂದೆ ಹೋಗಿ ಅದೇ ಮೆಥಡ್‌ಗೆ ಮತ್ತೆ ಪ್ರವೇಶಿಸಲು ಆಗುತ್ತದಾ? ಬೇರೆ ಮಷೀನ್‌ನಲ್ಲಿ ಓಡುತ್ತಿರುವ ಸರ್ವರ್‌ಗೆ ಡೀಬಗರ್ ಜೋಡಿಸುವುದು ಎರಡು ನಿಮಿಷದ ಕೆಲಸವಾ, ಅರ್ಧ ದಿನದ್ದಾ? ಪ್ರಿಂಟ್ ಹಾಕಿ ಹುಡುಕುವವರು ಡೀಬಗರ್‌ಗೆ ಬರಬೇಕಾದರೆ ಇವೆಲ್ಲ ಸಲೀಸಾಗಿ ಇರಬೇಕು.

1983ರಲ್ಲಿ ಟರ್ಬೋ ಪ್ಯಾಸ್ಕಲ್ ಬಂದಾಗ ಜನ ಅದಕ್ಕೆ ಮುಗಿಬೀಳಲು ಕಾರಣವೂ ಇಂಥದ್ದೇ. ಬರೆಯುವುದು, ಕಂಪೈಲ್ ಮಾಡುವುದು ಒಂದೇ ಜಾಗದಲ್ಲಿ, ತಪ್ಪಿದ್ದರೆ ಕರ್ಸರ್ ನೇರವಾಗಿ ಆ ಜಾಗಕ್ಕೇ ಹೋಗಿ ನಿಲ್ಲುತ್ತಿತ್ತು. ಅದರ ಕಂಪೈಲರ್ ಬರೆದ ಆಂಡರ್ಸ್ ಹೆಲ್ಸ್‌ಬರ್ಗ್ ಅವರೇ ಮುಂದೆ ನೀವು ದಿನವೂ ಬಳಸುವ ಟೈಪ್‌ಸ್ಕ್ರಿಪ್ಟ್‌ನ ಮುಖ್ಯ ರೂವಾರಿ. ತಪ್ಪು ಮಾಡಿದ್ದಕ್ಕೂ ತಪ್ಪು ಕಂಡಿದ್ದಕ್ಕೂ ನಡುವಿನ ಹೊತ್ತು ಕಡಿಮೆಯಾಗಬೇಕು, ಐಡಿಇ ಹುಟ್ಟಿದ್ದೇ ಅದಕ್ಕೆ.

ಎಕ್ಲಿಪ್ಸ್ ಬಗ್ಗೆ ಜನ ಈಗ ಹಗುರವಾಗಿ ಮಾತಾಡುತ್ತಾರೆ, ನಾನು ಒಪ್ಪುವುದಿಲ್ಲ. ಅದಕ್ಕೆ ತನ್ನದೇ ಕಂಪೈಲರ್ ಇದೆ, ಸೇವ್ ಮಾಡಿದ ತಕ್ಷಣ ಬದಲಾದಷ್ಟನ್ನೇ ಕಂಪೈಲ್ ಮಾಡುತ್ತದೆ. ಪ್ರಾಜೆಕ್ಟ್‌ನ ಒಂದು ಮೂಲೆಯಲ್ಲಿ ಎರರ್ ಇದ್ದರೂ ಇನ್ನೊಂದು ಕಡೆಯ ಟೆಸ್ಟ್ ಓಡಿಸಲು ಬಿಡುತ್ತದೆ, ದೊಡ್ಡ ಬದಲಾವಣೆಯ ನಡುವೆ ಇರುವಾಗ ಇದು ಎಷ್ಟು ಉಪಕಾರ ಅಂತ ಮಾಡಿದವರಿಗೇ ಗೊತ್ತು. ಆದರೆ ಬೇರೆ ಕಂಪೈಲರ್ ಅಂದ ಮೇಲೆ, ಅಪರೂಪಕ್ಕೆ ಜೆನೆರಿಕ್ಸ್ (ಯಾವ ಟೈಪ್ ಅಂತ ಆಮೇಲೆ ತುಂಬುವಂತೆ ಬರೆದ ಕೋಡ್) ಇರುವ ಕಡೆ ಎಕ್ಲಿಪ್ಸ್ ಸರಿ ಅಂದಿದ್ದನ್ನು ಮಾವೆನ್ (ಜಾವಾ ಪ್ರಾಜೆಕ್ಟ್ ಕಟ್ಟುವ ಟೂಲ್) ಬಿಲ್ಡ್ ತಪ್ಪು ಅನ್ನಬಹುದು. ಅದಕ್ಕೇ ಯಾವುದನ್ನೇ ಆರಿಸಿ, ಕಮಾಂಡ್ ಲೈನ್‌ನ ಬಿಲ್ಡ್ ಏನು ಹೇಳುತ್ತದೋ ಅದೇ ಕೊನೆಯ ಮಾತು ಅಂತ ತಂಡದಲ್ಲಿ ಗೊತ್ತುಮಾಡಿಕೊಳ್ಳಿ. ಫಾರ್ಮ್ಯಾಟಿಂಗ್ ಕೂಡ ಅಷ್ಟೇ. ಎಡಿಟರ್‌ಕಾನ್ಫಿಗ್ ಫೈಲ್ (ಜಾಗ ಎಷ್ಟು ಬಿಡಬೇಕು ಅಂತೆಲ್ಲ ಎಡಿಟರ್‌ಗಳಿಗೆ ಹೇಳುವ ಫೈಲ್) ಒಂದನ್ನು ರೆಪೊಸಿಟರಿಯಲ್ಲಿ ಹಾಕಿ, ಟೈಪ್‌ಸ್ಕ್ರಿಪ್ಟ್‌ಗೆ ಪ್ರೆಟಿಯರ್ ಅನ್ನುವ ಫಾರ್ಮ್ಯಾಟರ್, ಜಾವಾಗೆ ಬಿಲ್ಡ್‌ನಲ್ಲೇ ಒಂದು ಫಾರ್ಮ್ಯಾಟರ್ ಇಡಿ. ಆಗ ಯಾರು ಯಾವುದರಲ್ಲಿ ಬರೆದರೂ ಡಿಫ್ ಒಂದೇ ಥರ ಬರುತ್ತದೆ.

ಇಷ್ಟು ಮಾಡಿದರೆ ಆರೂ ಜನಕ್ಕೆ ಒಂದೇ ಐಡಿಇ ಕಡ್ಡಾಯ ಮಾಡುವ ಅಗತ್ಯವೇ ಇರುವುದಿಲ್ಲ. ನಿಮ್ಮ ಮೇಲಿನವರಿಗೆ ಇದನ್ನು ಹೇಳಿ ನೋಡಿ. ಒಂದನ್ನು ತಂಡದ ಐಡಿಇ ಅಂತ ಮಾಡಿ: ಹೊಸಬರು ಬಂದರೆ ಅದರಲ್ಲಿ ಶುರುಮಾಡಲಿ, ಸೆಟ್ಟಿಂಗ್ಸ್ ಅದಕ್ಕೆ ಸಿದ್ಧವಾಗಿರಲಿ, ತೊಂದರೆಯಾದರೆ ಎಲ್ಲರೂ ಸಹಾಯ ಮಾಡಲಿ. ಕೀಬೋರ್ಡ್‌ನಿಂದಲೇ ಎಲ್ಲ ಮಾಡುವ ವಿಮ್ ಎಡಿಟರ್‌ನಲ್ಲಿ ಹತ್ತು ವರ್ಷ ಕೈ ಕುದುರಿದವರನ್ನು ಎಬ್ಬಿಸಬೇಡಿ. ವಿಮ್‌ನಿಂದಲೇ ಕವಲೊಡೆದ ನಿಯೋವಿಮ್‌ನಲ್ಲಿ 2021ರ 0.5 ಆವೃತ್ತಿಯಿಂದ ಲ್ಯಾಂಗ್ವೇಜ್ ಸರ್ವರ್ ಜೊತೆ ಮಾತಾಡುವ ಶಕ್ತಿ ಒಳಗೇ ಬಂದಿದೆ, ಅವರೇನೂ ಹಿಂದೆ ಬೀಳುವುದಿಲ್ಲ.

ಲೈಸೆನ್ಸ್ ಓದಿ, ದಯವಿಟ್ಟು. ಉಚಿತ ಅಂದರೆ ಎಲ್ಲ ಕಡೆ ಒಂದೇ ಅರ್ಥ ಅಲ್ಲ. ವಿಎಸ್ ಕೋಡ್‌ನ ಮೂಲ ಕೋಡ್ ಎಂಐಟಿ ಲೈಸೆನ್ಸ್‌ನಲ್ಲಿದೆ, ಆದರೆ ನೀವು ಡೌನ್‌ಲೋಡ್ ಮಾಡುವ ಪ್ರೋಗ್ರಾಂಗೆ ಮೈಕ್ರೋಸಾಫ್ಟ್‌ನ ಬೇರೆ ಲೈಸೆನ್ಸ್, ಅದರಲ್ಲಿ ಟೆಲಿಮೆಟ್ರಿ (ನೀವು ಬಳಸುವ ರೀತಿಯ ಮಾಹಿತಿ ಕಂಪನಿಗೆ ಕಳಿಸುವುದು) ಇರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು. ಎಕ್ಸ್‌ಟೆನ್ಶನ್‌ಗಳ ವಿಷಯದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಒಂದು ಎಕ್ಸ್‌ಟೆನ್ಶನ್ ಹಾಕಿದಿರಿ ಅಂದರೆ ನಿಮ್ಮ ಅಕೌಂಟ್‌ನಿಂದ ಓದಬಹುದಾದ ಫೈಲ್‌ಗಳನ್ನೆಲ್ಲ ಅದೂ ಓದಬಹುದು, ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲ್ ಸೇರಿ. ಯಾರು ಮಾಡಿದ್ದು, ಕೊನೆಗೆ ಯಾವಾಗ ಅಪ್‌ಡೇಟ್ ಆಗಿದ್ದು ಅಂತ ನೋಡಿ, ತಂಡಕ್ಕೆ ಎಂಟು ಹತ್ತು ಎಕ್ಸ್‌ಟೆನ್ಶನ್‌ಗಳ ಒಂದು ಪಟ್ಟಿ ಮಾಡಿ ಅಷ್ಟಕ್ಕೇ ನಿಲ್ಲಿಸಿ. ಆಮೇಲೆ, ಹಿಂದೆ ಯಾರಿದ್ದಾರೆ ಅನ್ನುವುದೂ ಭರವಸೆ ಕೊಡುವುದಿಲ್ಲ. ಆಟಮ್ ಎಡಿಟರ್ ಗಿಟ್‌ಹಬ್‌ನದ್ದು, ಎಷ್ಟೊಂದು ಜನ ಇಷ್ಟಪಟ್ಟಿದ್ದರು, 2022ರ ಡಿಸೆಂಬರ್ 15ಕ್ಕೆ ಅದನ್ನು ನಿಲ್ಲಿಸಿದರು.

ಈ ಪರೀಕ್ಷೆಗೆಲ್ಲ ಎರಡು ವಾರ ಇಟ್ಟುಕೊಳ್ಳಿ, ಎಐ ಸಹಾಯಕಗಳನ್ನು ಮೊದಲ ವಾರ ಪೂರ್ತಿ ಆಫ್ ಮಾಡಿ. ಅವು ಈಗ ಎಲ್ಲ ಐಡಿಇಗಳಲ್ಲೂ ಸಿಗುತ್ತವೆ. ಆನ್ ಇಟ್ಟುಕೊಂಡು ಪರೀಕ್ಷಿಸಿದರೆ ನೀವು ಮೆಚ್ಚುತ್ತಿರುವುದು ಐಡಿಇಯನ್ನೋ ಎಐಯನ್ನೋ ಅಂತ ಗೊತ್ತಾಗುವುದಿಲ್ಲ. ಎರಡನೇ ವಾರ ಬೇಕಾದರೆ ಹಾಕಿ, ಆದರೆ ನಿಮ್ಮ ಕೋಡ್ ಯಾವ ಸರ್ವರ್‌ಗೆ ಹೋಗುತ್ತದೆ ಅಂತ ಮೊದಲೇ ಕೇಳಿಕೊಂಡು ಹಾಕಿ.

ಎರಡು ವಾರ ಅಂತ ಹೇಳುತ್ತಿರುವುದಕ್ಕೆ ಕಾರಣ ಇದೆ. ಕೈಗೆ ಹೊಸ ಶಾರ್ಟ್‌ಕಟ್ ಕೂರಲು ಅಷ್ಟು ಬೇಕೇ ಬೇಕು. ಮೊದಲ ಮೂರು ದಿನ ಯಾವುದೇ ಹೊಸ ಐಡಿಇ ಕಿರಿಕಿರಿ ಅನಿಸುತ್ತದೆ, ಆ ಕಿರಿಕಿರಿಯನ್ನು ತೀರ್ಪು ಅಂದುಕೊಳ್ಳಬೇಡಿ. ಜಾವಾ ಜಾಸ್ತಿ ಬರೆಯುವ ಒಬ್ಬರು, ಟೈಪ್‌ಸ್ಕ್ರಿಪ್ಟ್ ಜಾಸ್ತಿ ಬರೆಯುವ ಒಬ್ಬರು, ಇಬ್ಬರೂ ತಮ್ಮ ದಿನದ ಕೆಲಸವನ್ನೇ ಅದರಲ್ಲಿ ಮಾಡಲಿ. ನನ್ನ ಒಲವು ಕೇಳಿದರೆ, ನಿಮ್ಮ ಜಾವಾ ಕೋಡ್ ದೊಡ್ಡದಿದ್ದು ಹಣ ಕೊಡಲು ಒಪ್ಪಿದರೆ ಇಂಟೆಲಿಜೆ ಐಡಿಯಾ. ಟೈಪ್‌ಸ್ಕ್ರಿಪ್ಟ್ ಕೆಲಸವೇ ಜಾಸ್ತಿ ಅಂದರೆ ವಿಎಸ್ ಕೋಡ್. ಆದರೆ ನನ್ನ ಒಲವಿಗಿಂತ ನಿಮ್ಮ ರೀನೇಮ್ ಡಿಫ್ ದೊಡ್ಡ ಸಾಕ್ಷಿ.

ಮತ್ತೆ, ನಿಮ್ಮ ಜಾವಾ ಕೋಡ್‌ನಲ್ಲಿ ಲಾಂಬಾಕ್ (ಪದೇ ಪದೇ ಬರೆಯುವ ಕೋಡ್ ತಾನೇ ಹುಟ್ಟಿಸುವ ಲೈಬ್ರರಿ) ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ರೀನೇಮ್ ಪರೀಕ್ಷೆಯನ್ನು ಲಾಂಬಾಕ್ ಇರುವ ಕ್ಲಾಸ್ ಮೇಲೇ ಮಾಡಿ, ಏಕೆಂದರೆ ಅಲ್ಲಿ ಗೆಟರ್ ಸೆಟರ್‌ಗಳು (ಫೀಲ್ಡ್ ಓದುವ, ಬದಲಿಸುವ ಮೆಥಡ್‌ಗಳು) ಸೋರ್ಸ್‌ನಲ್ಲಿ ಇರುವುದೇ ಇಲ್ಲ, ಕಂಪೈಲ್ ಆಗುವಾಗ ಹುಟ್ಟುತ್ತವೆ. ಫೀಲ್ಡ್ ಹೆಸರು ಬದಲಿಸಿದಾಗ ಅವುಗಳನ್ನು ಕರೆಯುವ ಜಾಗಗಳೂ ಬದಲಾದವಾ ಅಂತ ನೋಡಿ, ಏನು ಬಂತು ಅಂತ ಕೆಳಗೆ ಬರೆಯಿರಿ, ಮುಂದಿನದ್ದು ಆಮೇಲೆ ಯೋಚಿಸೋಣ.