ಟಾರ್ಚ್ ಜೋಡಿಸಿದ ಮೇಲೆ ಶಾಟ್‌ಗನ್‌ನಲ್ಲಿ ಖಾಲಿ ತೋಟಾ ಸಿಕ್ಕಿಕೊಳ್ಳುವುದು: ಪ್ರತಿಕ್ರಿಯೆ

ಟಾರ್ಚ್ ಜೋಡಿಸಿದ ಮೇಲೆ ಹಾರಿಸಿದ ತೋಟಾದ ಖಾಲಿ ಕವಚ ಹೊರಬೀಳದೆ ಶಾಟ್‌ಗನ್‌ನಲ್ಲೇ ಸಿಕ್ಕಿಕೊಳ್ಳುತ್ತಿದೆ ಎಂದು ನೀವು ಕೇಳಿದ್ದೀರಿ. ಮನೆಯ ರಕ್ಷಣೆಯ ಬಂದೂಕಿಗೆ ನೀವು ಜೋಡಿಸಿದ ಟಾರ್ಚ್ ಮತ್ತು ಪಕ್ಕದ ತೋಟಾ ಪಟ್ಟಿಯ (ಹೆಚ್ಚುವರಿ ತೋಟಾಗಳನ್ನು ಹಿಡಿದಿಡುವ ಪಟ್ಟಿ) ತೂಕವೇ ಬಹುಶಃ ಇದಕ್ಕೆ ಕಾರಣ. ನಿಮ್ಮದು ಇನರ್ಷಿಯಾ ಬಗೆಯದಾದ್ದರಿಂದ (ಒದೆತದ ಬಲದಿಂದಲೇ ಖಾಲಿ ತೋಟಾವನ್ನು ಹೊರಹಾಕುವ ಬಗೆ), ಇಡೀ ಬಂದೂಕು ಹಿಂದಕ್ಕೆ ಒದೆಯುವಾಗ ಬೋಲ್ಟಿನೊಳಗಿನ (ತೋಟಾದ ಹಿಂದೆ ಮುಚ್ಚಿಕೊಳ್ಳುವ ಜಾರುವ ಭಾಗ) ಸ್ಪ್ರಿಂಗ್ ಕುಗ್ಗಿ, ಮರಳಿ ಹಿಗ್ಗುತ್ತಾ ಬೋಲ್ಟನ್ನು ತೆರೆಯುತ್ತದೆ. ತೂಕ ಹೆಚ್ಚಿದಾಗ ಒದೆತ ನಿಧಾನವಾಗಿ, ಹಗುರ ತೋಟಾಗಳ ಬಲ ಬೋಲ್ಟನ್ನು ಪೂರ್ತಿ ತೆರೆದು ಖಾಲಿ ತೋಟಾವನ್ನು ಹೊರಹಾಕಲು ಸಾಲದು.

ಮೊದಲು ಮ್ಯಾಗಜೀನ್ (ತೋಟಾಗಳನ್ನು ತುಂಬಿಡುವ ಕೊಳವೆ) ಮತ್ತು ಚೇಂಬರ್ (ಹಾರಿಸುವಾಗ ತೋಟಾ ಕೂರುವ ನಳಿಕೆಯ ಹಿಂಭಾಗ) ಎರಡನ್ನೂ ಖಾಲಿ ಮಾಡಿ, ಕಣ್ಣಿನಿಂದಷ್ಟೇ ಅಲ್ಲದೆ ಬೆರಳಿನಿಂದಲೂ ಪರೀಕ್ಷಿಸಿ, ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ಈ ಹಂತವನ್ನು ದಯವಿಟ್ಟು ಎಂದಿಗೂ ಬಿಡಬೇಡಿ. ಅನಂತರ ಬೋಲ್ಟಿನ ಹಿಡಿಯನ್ನು ನಿಧಾನವಾಗಿ ಹಿಂದಕ್ಕೆಳೆಯಿರಿ. ಉಜ್ಜಿದಂತೆ ಬಿಗಿಯಾಗಿ ಬಂದರೆ, ತೋಟಾ ಪಟ್ಟಿಯ ಸ್ಕ್ರೂ ಅತಿಯಾಗಿ ಬಿಗಿಯಾಗಿ ರಿಸೀವರ್ (ಬೋಲ್ಟ್ ಜಾರುವ ಲೋಹದ ಚೌಕಟ್ಟು) ಅನ್ನು ಅಮುಕುತ್ತಿರಬಹುದು. ಕಾಲು ಸುತ್ತು ಸಡಿಲಿಸಿ ಮತ್ತೆ ಎಳೆದು ನೋಡಿ.

ಚೇಂಬರಿನಲ್ಲಿ ಪ್ಲಾಸ್ಟಿಕ್ ಮತ್ತು ಮದ್ದಿನ ಮಸಿ ಅಂಟಿಕೊಂಡಿರುತ್ತದೆ, ಅದನ್ನು ಚೇಂಬರ್ ಬ್ರಷ್ಷಿನಿಂದ ಉಜ್ಜಿ ಒಣಗಿಸಿ. ಎಣ್ಣೆ ಬೋಲ್ಟ್ ಜಾರುವ ಅಂಚುಗಳಿಗೆ ತೆಳುವಾಗಿ ಸಾಕು.

ಬಳಿಕ ಗುರಿ ಅಭ್ಯಾಸದ ಮೈದಾನದಲ್ಲಿ, ಎರಡೂ ಜೋಡಣೆಗಳನ್ನು ತೆಗೆದು, ಬಂದೂಕಿನ ಹಿಂಬದಿಯನ್ನು ಭುಜಕ್ಕೆ ಗಟ್ಟಿಯಾಗಿ ಒತ್ತಿಕೊಂಡು ಅದೇ ತೋಟಾಗಳನ್ನು ಹಾರಿಸಿ. ಸರಿಯಾಗಿ ನಡೆದರೆ ಒಂದೊಂದನ್ನೇ ಮರಳಿ ಜೋಡಿಸುತ್ತಾ ಪರೀಕ್ಷಿಸಿ. ಜೋಡಣೆಗಳಿಲ್ಲದ ಬರಿಯ ಬಂದೂಕಿನಲ್ಲೇ ಪೂರ್ಣ ಬಲದ ತೋಟಾ ಕೂಡ ಸಿಕ್ಕಿಕೊಂಡರೆ, ಬೋಲ್ಟನ್ನು ಮರಳಿ ಮುಚ್ಚುವ ಸ್ಪ್ರಿಂಗಿನಲ್ಲಿ ದೋಷವಿರಬಹುದು. ಅದನ್ನು ಪರವಾನಗಿ ಪಡೆದ ಬಂದೂಕು ದುರಸ್ತಿಗಾರರಿಗೇ ತೋರಿಸಿ.