ಗ್ಲಾಸ್ ಬದಲಾಯಿಸಿದ ಮೇಲೆ ಕ್ಯಾಮೆರಾ ಕ್ಯಾಲಿಬ್ರೇಷನ್ ಬೇಕಾ? ಲೈಟ್ ನೋಡಿ ತೀರ್ಮಾನ ಮಾಡಬೇಡಿ

ಹಾಸನದಲ್ಲೇ ಕಾರಿನ ಫ್ರಂಟ್ ಗ್ಲಾಸ್ ಹಾಕಿಸ್ತಿದ್ದೀನಿ, ಕ್ಯಾಮೆರಾ ಕ್ಯಾಲಿಬ್ರೇಷನ್‌ಗೆ ಅಂತ ಮೈಸೂರು, ಬೆಂಗಳೂರಿಗೆ ಹೋಗೋದು ದಂಡ ಅಲ್ವಾ, ವಾರ್ನಿಂಗ್ ಲೈಟ್ ಬರದಿದ್ರೆ ಬಿಟ್ಟುಬಿಡಬಹುದಲ್ವಾ, ಹೇಗೂ ನಮ್ಮ ರಸ್ತೆಗೆ ಅಡಾಸ್ ಬೇಡ ಅಂತ ಕೇಳಿದ್ದೀರಿ. ಎರಡು ವರ್ಷದ ಹಿಂದೆ ಇದೇ ಮಾತನ್ನು ನಾನು ಗ್ಲಾಸ್ ಅಂಗಡಿಯಲ್ಲಿ ನಿಂತು ಆಡಿದ್ದೆ. ಅಡಾಸ್ ಅಂದರೆ ಗ್ಲಾಸಿನ ಹಿಂದಿನ ಕ್ಯಾಮೆರಾ ರಸ್ತೆ ನೋಡಿ, ಕಾರು ತಾನಾಗಿ ಬ್ರೇಕ್ ಹಾಕುವ, ಲೇನಿನಲ್ಲಿ ಉಳಿಯುವ ವ್ಯವಸ್ಥೆ. ಆ ಕ್ಯಾಮೆರಾ ಎತ್ತ ನೋಡುತ್ತಿದೆ ಅಂತ ಅಳೆದು ಕಾರಿನ ಕಂಪ್ಯೂಟರಿಗೆ ತಿಳಿಸುವುದೇ ಕ್ಯಾಲಿಬ್ರೇಷನ್.

ಸಕಲೇಶಪುರದಲ್ಲಿ ಮೆಣಸು, ಕಾಫಿ ಕೊಳ್ಳುವ ಅಂಗಡಿ ನನ್ನದು. ಮನೆ ಹಾಸನದಲ್ಲಿ. ದಿನಾ ಓಡಾಟ. ಆ ವರ್ಷ ಆಷಾಢದಲ್ಲಿ ಒಂದು ಸಂಜೆ ವಾಪಸ್ ಬರುವಾಗ ಬಾಳ್ಳುಪೇಟೆ ದಾಟಿ ಸ್ವಲ್ಪ ಮುಂದೆ ಜಲ್ಲಿ ಟಿಪ್ಪರ್ ಒಂದು ಎದುರಿಗಿತ್ತು. ಟಾರ್ಪಾಲ್ ಹೊದಿಸಿರಲಿಲ್ಲ. ಟಪ್ ಅಂತ ಒಂದು ಕಲ್ಲು ಬಂದು ಬಿತ್ತು. ಗ್ಲಾಸಿನ ಮೇಲೆ ಸಾಸಿವೆ ಕಾಳಿನಷ್ಟು ಗುರುತು, ಅಷ್ಟೇ. ಅವತ್ತೇ ಆ ಗುರುತಿಗೆ ರಾಳ (ರೆಸಿನ್) ತುಂಬಿಸಿದ್ದರೆ ಗ್ಲಾಸ್ ಬಿಚ್ಚುವ ಪ್ರಮೇಯವೇ ಬರುತ್ತಿರಲಿಲ್ಲ. ನಾನು ನಾಳೆ ನೋಡೋಣ ಅಂದುಕೊಂಡೆ. ಬೆಳಿಗ್ಗೆ ಚಳಿಗೆ ಮಂಜು ಕಟ್ಟಿದ್ದ ಗ್ಲಾಸಿಗೆ ಬಿಸಿ ಗಾಳಿ ಬಿಟ್ಟೆ, ನೋಡನೋಡುತ್ತಲೇ ಗೆರೆ ಒಂದು ಮೊಳ ಓಡಿತು. ನಿಮ್ಮದು ಆಗಲೇ ಅಡಿಯುದ್ದ ಸೀಳಿದೆ ಅಂತ ಬರೆದಿದ್ದೀರಿ, ಹಾಗಾಗಿ ರಾಳದ ದಾರಿ ನಿಮಗೂ ಮುಚ್ಚಿದೆ.

ಷೋರೂಮಿನವರು ಗ್ಲಾಸ್, ಕೂಲಿ, ಕ್ಯಾಲಿಬ್ರೇಷನ್ ಎಲ್ಲ ಸೇರಿ 24 ಸಾವಿರ ಅಂದರು, ಕ್ಯಾಲಿಬ್ರೇಷನ್‌ಗೆ ಕಾರನ್ನು ಮೈಸೂರಿಗೆ ಕಳಿಸಬೇಕು ಅಂದರು. ಹಾಸನದಲ್ಲೇ ಒಂದು ಗ್ಲಾಸ್ ಅಂಗಡಿಯವರು ಏಳೂವರೆ ಸಾವಿರಕ್ಕೆ ಮಧ್ಯಾಹ್ನದೊಳಗೆ ಕೊಡ್ತೀನಿ ಅಂದರು. ಇನ್ಶೂರೆನ್ಸ್ ಕ್ಲೇಮ್ ಮಾಡಿದರೆ ಎನ್‌ಸಿಬಿ (ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತಲ್ಲ ಅನ್ನುವ ಲೆಕ್ಕ ಬೇರೆ ತಲೆಯಲ್ಲಿತ್ತು. ಅಂಗಡಿಗೇ ಹೋದೆ. ಕೆಲಸದ ಹುಡುಗ ಕನ್ನಡಿಯ ಹಿಂದಿನ ಪ್ಲಾಸ್ಟಿಕ್ ಕವರ್ ಬಿಚ್ಚಿ, ಕ್ಯಾಮೆರಾವನ್ನು ಕ್ಲಿಪ್ಪಿನಿಂದ ತೆಗೆದು ಡ್ಯಾಶ್‌ಬೋರ್ಡ್ ಮೇಲೆ ಬಟ್ಟೆ ಹಾಸಿ ಇಟ್ಟ. ಜೋಪಾನವಾಗಿಯೇ ಮಾಡಿದ, ಅವನನ್ನು ಬೈಯಲಾರೆ. ಕೆಲಸ ಮುಗಿದ ಮೇಲೆ ಕೀ ತಿರುಗಿಸಿ, "ನೋಡಿ ಸಾರ್, ಒಂದು ಲೈಟೂ ಇಲ್ಲ. ಓಡಿಸ್ತಾ ಓಡಿಸ್ತಾ ತಾನೇ ಕಲ್ಕೊಳತ್ತೆ" ಅಂದರು ಮಾಲೀಕರು. ನಾನೂ ಬಗ್ಗಿ ನೋಡಿದೆ. ಲೈಟ್ ಇರಲಿಲ್ಲ. ದುಡ್ಡು ಕೊಟ್ಟು ಬಂದೆ.

ನನ್ನ ತಪ್ಪು ಅಷ್ಟೇ, ಆ ಲೈಟನ್ನು ನಂಬಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನೀವು ನಿಂತಿರುವುದೂ ಇದೇ ಜಾಗದಲ್ಲಿ.

ನನ್ನ ಅಂಗಡಿಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಅದರ ಕೆಳಗೆ ಒಂದು ಸಣ್ಣ ಗಾಜಿನ ಬಿಲ್ಲೆ, ಒಳಗೆ ಗಾಳಿಗುಳ್ಳೆ. ಗುಳ್ಳೆ ವೃತ್ತದ ನಡುವೆ ನಿಂತರೆ ಮಾತ್ರ ತಕ್ಕಡಿ ಸಮ. ಕಲ್ಲುಚಪ್ಪಡಿ ಒಂದು ಕಡೆ ಇಳಿದಿದ್ದರೂ ಅಂಕಿ ಬರುತ್ತದೆ, ಹಸಿರು ದೀಪ ಉರಿಯುತ್ತದೆ, ಎಲ್ಲ ಸರಿಯಾಗಿದ್ದ ಹಾಗೇ ಕಾಣುತ್ತದೆ. ತೂಕ ಮಾತ್ರ ತಪ್ಪು. ಅದಕ್ಕೇ ಕಾನೂನು ಮಾಪನಶಾಸ್ತ್ರ ಇಲಾಖೆಯವರು ದೀಪ ನೋಡಿ ಮುದ್ರೆ ಒತ್ತುವುದಿಲ್ಲ, ತೂಕದ ಕಲ್ಲು ಇಟ್ಟು ನೋಡಿ ಒತ್ತುತ್ತಾರೆ. ಇಪ್ಪತ್ತು ವರ್ಷದಿಂದ ಆ ಗುಳ್ಳೆ ನೋಡಿಯೇ ಬೋಣಿ ಮಾಡುವವನು ನಾನು. ಕಾರಿನ ವಿಷಯಕ್ಕೆ ಬಂದಾಗ ದೀಪ ನೋಡಿ ಒಪ್ಪಿಕೊಂಡೆ.

ಕ್ಯಾಮೆರಾಗೆ ಕರೆಂಟ್ ಬರುತ್ತಿದೆಯಾ, ಚಿತ್ರ ಕಾಣುತ್ತಿದೆಯಾ, ಕಂಪ್ಯೂಟರ್ ಜೊತೆ ಮಾತಾಡುತ್ತಿದೆಯಾ, ಇಷ್ಟನ್ನು ಆ ಲೈಟ್ ಹೇಳುತ್ತದೆ. ಕ್ಯಾಮೆರಾ ಎತ್ತ ನೋಡುತ್ತಿದೆ ಅನ್ನುವುದು ಅದಕ್ಕೆ ಗೊತ್ತಿರಬೇಕೆಂದಿಲ್ಲ. ವಿಪರೀತ ಓರೆಯಾಗಿದ್ದರೆ ಗೊತ್ತಾದೀತು. ಒಂದು ಡಿಗ್ರಿ ಓರೆಯಾಗಿದ್ದರೆ ಅದು ತನ್ನ ಪಾಡಿಗೆ ತಾನು, ನೇರವಾಗಿಯೇ ನೋಡುತ್ತಿದ್ದೇನೆ ಅಂತ ಕೆಲಸ ಮಾಡುತ್ತಿರುತ್ತದೆ. ಒಂದು ಡಿಗ್ರಿ ಅಂದರೆ ಎಷ್ಟು? ಆಮೇಲೆ ಕೂತು ಲೆಕ್ಕ ಹಾಕಿದೆ. 100 ಮೀಟರ್ ದೂರದಲ್ಲಿ ಪಕ್ಕಕ್ಕೆ ಒಂದು ಮುಕ್ಕಾಲು ಮೀಟರ್. ಹೆದ್ದಾರಿಯ ಒಂದು ಲೇನ್ ಇರುವುದೇ ಮೂರೂವರೆ ಮೀಟರ್. ಅಂದರೆ ಅರ್ಧ ಲೇನ್ ಅತ್ತಿತ್ತ. ಇನ್ನು ಆ ಒಂದು ಡಿಗ್ರಿ ಬರಲು ಏನಾಗಬೇಕು? ಕ್ಯಾಮೆರಾ ಕೂರುವ ಬ್ರಾಕೆಟ್ ಆರು ಸೆಂಟಿಮೀಟರ್ ಅಗಲ ಇದೆ ಅಂತಿಟ್ಟುಕೊಳ್ಳಿ, ಅದರ ಒಂದು ಅಂಚು ಒಂದು ಮಿಲಿಮೀಟರ್ ಎದ್ದರೆ ಸಾಕು. ಎಟಿಎಂ ಕಾರ್ಡಿನ ದಪ್ಪಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಮೊದಲ ಎರಡು ವಾರ ಏನೂ ಗೊತ್ತಾಗಲಿಲ್ಲ. ಆಮೇಲೆ ನಾಲ್ಕು ಲೇನಿನ ರಸ್ತೆಯಲ್ಲಿ ಸ್ಟೀರಿಂಗ್ ಬಲಕ್ಕೆ ಮೆಲ್ಲಗೆ ಎಳೆಯುತ್ತಿದೆ ಅನ್ನಿಸಿತು. ಅಲೈನ್‌ಮೆಂಟ್ ಹೋಗಿದೆ ಅಂತ ಮಾಡಿಸಿದೆ. ಮೆಷಿನ್‌ನಲ್ಲಿ ಎಲ್ಲ ಸರಿ ತೋರಿಸಿತು. ಟೈರ್ ಅದಲುಬದಲು ಮಾಡಿಸಿದೆ. ಮತ್ತೂ ಎಳೆತ. ಎಳೆಯುತ್ತಿದ್ದುದು ಟೈರಲ್ಲ, ಗೆರೆ ನೋಡಿ ಕಾರನ್ನು ಲೇನಿನಲ್ಲೇ ಇರಿಸುವ ಲೇನ್ ಅಸಿಸ್ಟ್. ಬಿಳಿ ಗೆರೆ ಮಾಸಿದ ಕಡೆ ಎಳೆತ ಇರುತ್ತಿರಲಿಲ್ಲ, ಗೆರೆ ಚೆನ್ನಾಗಿ ಕಾಣುವ ಕಡೆ ಮಾತ್ರ ಇರುತ್ತಿತ್ತು. ಈ ಒಂದು ಸುಳಿವಿನಲ್ಲೇ ಎಲ್ಲ ಇತ್ತು, ನನಗೆ ಹೊಳೆಯಲಿಲ್ಲ.

ಮೂರನೇ ವಾರ ಅಮ್ಮನನ್ನು ಕಣ್ಣಿನ ಆಸ್ಪತ್ರೆಗೆ ತೋರಿಸಲು ಬೆಂಗಳೂರಿಗೆ ಹೊರಟೆ. ಚನ್ನರಾಯಪಟ್ಟಣ ದಾಟಿ ಹಿರೀಸಾವೆ ಕಡೆ ಹೋಗುತ್ತಿದ್ದೆವು. ಬೆಳಿಗ್ಗೆ ಏಳೂವರೆ, ರಸ್ತೆ ಖಾಲಿ, ನಾನು ಎಡಗಡೆ ಲೇನಿನಲ್ಲಿ ಎಂಬತ್ತರಲ್ಲಿದ್ದೆ. ಮುಂದೆ ರಸ್ತೆ ಪಕ್ಕದ ಪಟ್ಟಿಯಲ್ಲಿ ತೆಂಗಿನಕಾಯಿ ಲಾರಿ ನಿಂತಿತ್ತು, ಗೆರೆಯಿಂದ ಆಚೆ. ನನ್ನ ದಾರಿಗೆ ಅದು ಅಡ್ಡವೇ ಇರಲಿಲ್ಲ. ಇದ್ದಕ್ಕಿದ್ದಂತೆ ಪರದೆ ಕೆಂಪಾಯಿತು, ಪೀಂ ಅಂತು, ಕಾರು ತಾನಾಗಿ ಬ್ರೇಕ್ ಹೊಡೆಯಿತು. ನನ್ನ ಕಾಲು ಬ್ರೇಕ್ ಮೇಲೆ ಇರಲೇ ಇಲ್ಲ. ಅಮ್ಮನ ತೊಡೆಯ ಮೇಲಿದ್ದ ಫ್ಲಾಸ್ಕ್ ಹಾರಿ ಡ್ಯಾಶ್‌ಬೋರ್ಡಿಗೆ ಬಡಿದು ಕಾಫಿ ಎಲ್ಲ ಚೆಲ್ಲಿತು. ಹಿಂದೆ ಟೊಮೆಟೊ ತುಂಬಿದ ಪಿಕಪ್ ಇತ್ತು. ಅವನು ಪೂರ್ತಿ ತಪ್ಪಿಸಲು ಆಗದೆ ನಮ್ಮ ಹಿಂದಿನ ಬಂಪರಿನ ಬಲಮೂಲೆಗೆ ಗುದ್ದಿ ಪಕ್ಕಕ್ಕೆ ಹೋಗಿ ನಿಂತ.

"ಯಾಕಪ್ಪ, ನಾಯಿ ಅಡ್ಡ ಬಂತಾ?" ಅಂತ ಕೇಳಿದರು ಅಮ್ಮ. ಬೆಲ್ಟ್ ಹಾಕಿದ್ದರು, ಭುಜ ನೊಂದಿತ್ತು, ಬೇರೇನೂ ಆಗಿರಲಿಲ್ಲ. ಪಿಕಪ್ ಹುಡುಗ ಇಳಿದು ಬಂದ. ಕೈ ನಡುಗುತ್ತಿತ್ತು ಅವನಿಗೆ. "ಖಾಲಿ ರೋಡಲ್ಲಿ ಹಿಂಗೆ ಬ್ರೇಕ್ ಹೊಡೆದ್ರೆ ನಾನೇನು ಮಾಡ್ಲಿ ಸಾರ್?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಂದಿನಿಂದ ಗುದ್ದಿದವನದೇ ತಪ್ಪು ಅಂತ ವಾದ ಮಾಡಬಹುದಿತ್ತೇನೋ. ಅವನ ಮುಖ ನೋಡಿ ಆಗಲಿಲ್ಲ. ಅವನ ಜಾಗದಲ್ಲಿ ಲೋಡ್ ಲಾರಿಯೋ ಬಸ್ಸೋ ಇದ್ದಿದ್ದರೆ ಅನ್ನುವುದು ಇವತ್ತಿಗೂ ಆ ಜಾಗ ದಾಟುವಾಗ ನೆನಪಾಗುತ್ತದೆ.

ಹಾಸನದ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಇತ್ತು, ಆದರೆ ಕ್ಯಾಲಿಬ್ರೇಷನ್‌ಗೆ ಕ್ಯಾಮೆರಾ ಎದುರು ನಿಲ್ಲಿಸುವ ಗುರಿ ಬೋರ್ಡ್ ಇರಲಿಲ್ಲ. ಮೈಸೂರಿಗೆ ಕಳಿಸಿದರು. ಹೊಳೆನರಸೀಪುರದ ಮೇಲೆ ಹೋದೆ. ಹೊರಡುವಾಗಲೇ ಆಟೋ ಬ್ರೇಕ್, ಲೇನ್ ಅಸಿಸ್ಟ್ ಎರಡೂ ಆಫ್ ಮಾಡಿದ್ದೆ.

ಅಲ್ಲಿಯ ಟೆಕ್ನಿಷಿಯನ್ ಬೋರ್ಡ್ ಮುಟ್ಟುವ ಮೊದಲು ಡಿಕ್ಕಿ ತೆಗೆಸಿದರು. ಒಳಗೆ ಚಿಕ್ಕಮ್ಮನಿಗೆ ಅಂತ ತಂದಿದ್ದ ಎರಡು ಮೂಟೆ ತೆಂಗಿನಕಾಯಿ ಇತ್ತು. "ಇಳಿಸಿ ಸಾರ್, ಹಿಂದೆ ಭಾರ ಇದ್ರೆ ಕಾರು ಮೂತಿ ಎತ್ತುತ್ತೆ, ಕ್ಯಾಮೆರಾನೂ ಮೇಲೆ ನೋಡುತ್ತೆ" ಅಂದರು. ನಾಲ್ಕೂ ಟೈರಿನ ಗಾಳಿ ನೋಡಿದರು. ನೆಲ ಮಟ್ಟವಾಗಿರುವ, ಬಿಸಿಲು ಬೀಳದ ಒಂದು ಬೇ ಇತ್ತು, ಅಲ್ಲಿಗೆ ಕಾರು ಒಯ್ದರು. ಮುಂದಿನ ಲೋಗೋ, ಹಿಂದಿನ ಲೋಗೋ ಎರಡರಿಂದಲೂ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಕಾರಿನ ನಡುಗೆರೆ ಎಳೆದರು. ಆ ಗೆರೆಯಿಂದ ಟೇಪ್ ಹಿಡಿದು ಅಳೆದು ಕಪ್ಪುಬಿಳಿ ಚೌಕದ ಬೋರ್ಡ್ ನಿಲ್ಲಿಸಿದರು. ನಮ್ಮೂರಲ್ಲಿ ಗಾರೆಯವರು ಪಾಯ ಗುರುತು ಹಾಕುವಾಗ ಎಷ್ಟು ತಾಳ್ಮೆಯಿಂದ ದಾರ ಕಟ್ಟುತ್ತಾರೋ ಅಷ್ಟೇ ತಾಳ್ಮೆ. ಸ್ಕ್ಯಾನರ್ ಜೋಡಿಸಿ ಶುರು ಮಾಡಿದರು. ಫೇಲ್. ಇನ್ನೊಮ್ಮೆ ಅಳೆದು ಮಾಡಿದರು. ಮತ್ತೆ ಫೇಲ್.

ಆಗ ಅವರು ಕವರ್ ಬಿಚ್ಚಿ, ಬ್ರಾಕೆಟ್ ಅಂಚಿನಲ್ಲಿ ಉಗುರು ಓಡಿಸಿ ನನ್ನ ಬೆರಳನ್ನೂ ಅಲ್ಲಿಗೆ ಇಡಿಸಿದರು. ಒಂದು ಕಡೆ ಗ್ಲಾಸಿಗೆ ಅಂಟಿಕೊಂಡಿತ್ತು, ಇನ್ನೊಂದು ಕಡೆ ಅಡಿಯಲ್ಲಿ ಅಂಟಿನ ಒಂದು ಗಂಟು, ಹುರುಳಿಕಾಳು ಚಪ್ಪಟೆಯಾದ ಹಾಗೆ. ನನಗೆ ಹಾಕಿದ್ದು ಕ್ಯಾಮೆರಾ ಇಲ್ಲದ ಮಾಡೆಲ್ಲಿನ ಗ್ಲಾಸ್. ಹಳೆಯ ಗ್ಲಾಸಿನಿಂದ ಬ್ರಾಕೆಟ್ ಕಿತ್ತು ಇದಕ್ಕೆ ಕೈಯಲ್ಲಿ ಅಂಟಿಸಿದ್ದರು. ಕ್ಯಾಮೆರಾ ಎಡಕ್ಕೆ ತಿರುಗಿ ಕೂತಿತ್ತು. ಎಡಕ್ಕೆ ನೋಡುವ ಕ್ಯಾಮೆರಾಗೆ ಎಡಪಕ್ಕದ ಲಾರಿ ಎದುರಿಗೇ ಇದ್ದ ಹಾಗೆ ಕಂಡಿತ್ತು, ನೇರ ರಸ್ತೆ ಬಲಕ್ಕೆ ತಿರುಗಿದ ಹಾಗೆ ಕಂಡಿತ್ತು. ಬಲಕ್ಕೆ ಎಳೆಯುತ್ತಿದ್ದುದು ಅದಕ್ಕೇ. "ಇದಕ್ಕೆ ಬೋರ್ಡ್ ಇಟ್ಟು ಪ್ರಯೋಜನ ಇಲ್ಲ ಸಾರ್, ಗ್ಲಾಸೇ ಬದಲಾಗಬೇಕು" ಅಂದರು.

ಬದಲಾಯಿತು. ಅಂಟು ಒಣಗಲೆಂದು ರಾತ್ರಿ ಕಾರು ಅಲ್ಲೇ ಬಿಟ್ಟು ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಮರುದಿನ ಬೋರ್ಡ್ ಇಟ್ಟು ಮಾಡಿದ್ದು ಮೊದಲ ಸಲಕ್ಕೇ ಪಾಸ್. ಇಡೀ ಕೆಲಸಕ್ಕೆ ಒಂದೂವರೆ ಗಂಟೆ ಹಿಡಿಯಿತು. ಉಳಿಸಲು ಹೋಗಿದ್ದ ಎನ್‌ಸಿಬಿ ಹಿಂದಿನ ಬಂಪರ್ ಕ್ಲೇಮಿಗೆ ಹೋಯಿತು, ಏಳೂವರೆ ಸಾವಿರದ ಗ್ಲಾಸ್ ಗುಜರಿಗೆ ಹೋಯಿತು.

ಈಗ ನಿಮ್ಮ ಮಾತಿಗೆ ಬರುತ್ತೇನೆ. "ನಮ್ಮ ರಸ್ತೆಗೆ ಅಡಾಸ್ ಬೇಡ, ಆಫ್ ಮಾಡಿಟ್ಟರಾಯಿತು" ಅನ್ನುವುದನ್ನು ನಾನು ಒಪ್ಪುವುದಿಲ್ಲ. ನನ್ನ ಕಾರಿನಲ್ಲಿ ಲೇನ್ ಅಸಿಸ್ಟ್ ಆಫ್ ಮಾಡಿದರೆ ಆಫ್ ಆಗೇ ಇರುತ್ತದೆ. ಆಟೋ ಬ್ರೇಕ್ ಹಾಗಲ್ಲ, ಪ್ರತಿ ಸಲ ಕಾರು ಸ್ಟಾರ್ಟ್ ಮಾಡಿದಾಗಲೂ ತಾನಾಗಿ ಆನ್ ಆಗುತ್ತದೆ. ಆ ಮೈಸೂರು ಪ್ರಯಾಣದಲ್ಲೇ ಕೆ.ಆರ್. ನಗರದಲ್ಲಿ ಕಾಫಿಗೆ ನಿಲ್ಲಿಸಿ ಮತ್ತೆ ಹೊರಟಾಗ ಆಫ್ ಮಾಡುವುದು ಮರೆತಿದ್ದೆ. ಬೇರೆ ಕೆಲವು ಕಾರುಗಳಲ್ಲೂ ಹೀಗೇ ಇದೆ, ನಿಮ್ಮದನ್ನು ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ. ಓರೆ ನೋಡುವ ಕ್ಯಾಮೆರಾ ಇರುವ ಕಾರು ಏನೂ ಇಲ್ಲದ ಕಾರಿಗಿಂತ ಕೆಟ್ಟದ್ದು. ಏನೂ ಇಲ್ಲದ್ದು ಸುಮ್ಮನಾದರೂ ಇರುತ್ತದೆ.

"ತಾನೇ ಕಲ್ಕೊಳತ್ತೆ" ಅನ್ನುವ ಮಾತನ್ನು ನಿಮಗೂ ಹೇಳುತ್ತಾರೆ. ಕೆಲವು ಕಾರುಗಳಿಗೆ ಬೋರ್ಡ್ ಬೇಡ, ಗೆರೆ ಚೆನ್ನಾಗಿರುವ ರಸ್ತೆಯಲ್ಲಿ ಹೇಳಿದ ವೇಗದಲ್ಲಿ ಓಡಿಸಿ ಮಾಡುವ ಕ್ಯಾಲಿಬ್ರೇಷನ್ ಇದೆ. ಕೆಲವಕ್ಕೆ ಎರಡೂ ಬೇಕು. ಓಡಿಸಿ ಮಾಡುವುದಕ್ಕೂ ಸಾಮಾನ್ಯವಾಗಿ ಸ್ಕ್ಯಾನರ್ ಜೋಡಿಸಿ ಶುರು ಮಾಡಬೇಕು, ಸುಮ್ಮನೆ ಬೇಲೂರಿಗೆ ಹೋಗಿ ಬಂದರೆ ಆಗುವುದಿಲ್ಲ. ನಿಮ್ಮ ಕಾರಿಗೆ ಯಾವುದು ಅನ್ನುವುದು ಕಂಪನಿಯ ಸರ್ವಿಸ್ ಮ್ಯಾನುಯಲ್‌ನಲ್ಲಿದೆ. ಅದನ್ನು ನೋಡಿ ಹೇಳುವವರ ಮಾತು ಕೇಳಿ.

ದುಡ್ಡಿನ ವಿಷಯ. ಇನ್ಶೂರೆನ್ಸ್‌ನಲ್ಲಿ ಪ್ಲಾಸ್ಟಿಕ್, ರಬ್ಬರಿಗೆ ಅರ್ಧ ಕಡಿತ ಮಾಡುತ್ತಾರೆ, ಗಾಜಿಗೆ ಸವಕಳಿ ಕಡಿತ ಇಲ್ಲ. ಕಡ್ಡಾಯವಾಗಿ ನೀವು ಹಾಕಬೇಕಾದ ಪಾಲು 1500 ಸಿಸಿ ತನಕ 1000 ರೂಪಾಯಿ, ಅದಕ್ಕಿಂತ ದೊಡ್ಡ ಇಂಜಿನ್ನಿಗೆ 2000. ಕ್ಯಾಲಿಬ್ರೇಷನ್ ಚಾರ್ಜನ್ನು ಎಸ್ಟಿಮೇಟಿನಲ್ಲೇ ಬರೆಸಿ ಸರ್ವೇಯರ್ ಒಪ್ಪಿಗೆ ತೆಗೆದುಕೊಳ್ಳಿ, ಆಮೇಲೆ ಸೇರಿಸಲು ಹೋದರೆ ಜಗಳ. ಎನ್‌ಸಿಬಿ ಉಳಿಸುವ ಆ್ಯಡ್-ಆನ್ ನಿಮ್ಮ ಪಾಲಿಸಿಯಲ್ಲಿ ಆಗಲೇ ಇದ್ದರೂ ಇರಬಹುದು, ಒಮ್ಮೆ ತೆಗೆದು ಓದಿ.

ಗ್ಲಾಸನ್ನು ಹಾಸನದಲ್ಲೇ ಹಾಕಿಸಿ, ನನ್ನದೇನೂ ಅಭ್ಯಂತರ ಇಲ್ಲ. ಆದರೆ ಇನ್ನೂ ಬಿಚ್ಚಿಸಿಲ್ಲ ಅಂತ ಬರೆದಿದ್ದೀರಲ್ಲ, ನಾಳೆ ಬೆಳಿಗ್ಗೆ ಅಂಗಡಿಗೆ ಫೋನ್ ಮಾಡಿ ಎರಡು ವಿಷಯ ಕೇಳಿ. ಗ್ಲಾಸ್ ನಿಮ್ಮ ಮಾಡೆಲ್ಲಿನ ಕ್ಯಾಮೆರಾ ಇರುವ ವೇರಿಯಂಟಿನದೇನಾ, ಬ್ರಾಕೆಟ್ ಫ್ಯಾಕ್ಟರಿಯಲ್ಲೇ ಕೂರಿಸಿ ಬಂದಿದೆಯಾ? ಕ್ಯಾಲಿಬ್ರೇಷನ್ ಪಾಸ್ ಆದ ಪ್ರಿಂಟ್ ಯಾರು ಕೊಡುತ್ತಾರೆ, ಗ್ಲಾಸಿನ ದೋಷದಿಂದ ಅದು ಫೇಲ್ ಆದರೆ ಗ್ಲಾಸ್ ವಾಪಸ್ ತಗೋತಾರಾ? ಎರಡಕ್ಕೂ ಬಿಲ್ಲಿನ ಮೇಲೆ ಬರೆದು ಕೊಡುತ್ತೇನೆ ಅಂದರೆ ಹಾಕಿಸಿ. ಗ್ಲಾಸ್ ಕೂರಿಸಿದ ದಿನ ಡೋರ್ ಜೋರಾಗಿ ಬಡಿಯಬೇಡಿ, ಕಿಟಕಿ ಎರಡು ಬೆರಳಷ್ಟು ಇಳಿಸಿಡಿ, ಇಲ್ಲದಿದ್ದರೆ ಒಳಗಿನ ಗಾಳಿ ಹಸಿ ಅಂಟನ್ನು ತಳ್ಳುತ್ತದೆ. ಮಾರನೇ ದಿನ ಮೈಸೂರಿಗೆ ಹೊರಡಿ. ಡಿಕ್ಕಿ ಖಾಲಿ ಮಾಡಿಕೊಂಡು ಹೋಗಿ, ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ಆಟೋ ಬ್ರೇಕ್ ಆಫ್ ಮಾಡುವುದು ಮರೆಯಬೇಡಿ.